ಗೋಡೆಯಿಲ್ಲದ ಲಾಕ್

ದೋಣಿ ಬಾಡಿಗೆಗೆ ಕೊಡುವ ಹುಡುಗ ಮುಕ್ಕಾಲು ಗಂಟೆ ಪಾಠ ಮಾಡಿದ. ಎಂಜಿನ್ ಹೇಗೆ ಶುರು ಮಾಡೋದು, ಗ್ಯಾಸ್ ಎಲ್ಲಿ ಬಂದ್ ಮಾಡೋದು, ಟಾಯ್ಲೆಟ್ಟಿಗೆ ಏನೇನು ಹಾಕಬಾರದು, ಎಲ್ಲ ಹೇಳಿದ. ಕೊನೆಗೆ ಮುಖ ಗಂಭೀರ ಮಾಡಿಕೊಂಡು, 'ಲಾಕ್‌ನಲ್ಲಿ ಕೆಳಗಿಳಿಯುವಾಗ ಮಾತ್ರ ದೋಣಿಯ ಹಿಂಭಾಗ ಸಿಲ್ ಮೇಲೆ ಕೂರದ ಹಾಗೆ ನೋಡ್ಕೊಳ್ಳಿ. ಕೂತರೆ ದೋಣಿ ಮುಳುಗುತ್ತೆ' ಅಂದ. ನಾನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಲಾಕ್ ಅಂದರೆ ಬೀಗ ಅಲ್ಲ, ದೋಣಿಯನ್ನು ಮೇಲಕ್ಕೆ ಕೆಳಕ್ಕೆ ದಾಟಿಸುವ, ಎರಡೂ ತುದಿಗೆ ಬಾಗಿಲಿರುವ ನೀರಿನ ತೊಟ್ಟಿ. ಸಿಲ್ ಅಂದರೆ ಹೊಸ್ತಿಲು. ಮೇಲಿನ ಬಾಗಿಲಿನ ಬುಡದಲ್ಲಿ ನೀರೊಳಗೆ ಮುಚ್ಚಿಕೊಂಡಿರುವ ಕಟ್ಟೆ. ನೀರು ಇಳಿದಾಗ ಮಾತ್ರ ಕಾಣುತ್ತೆ.

'ಹೊಸ್ತಿಲ ಮೇಲೆ ಕೂರಬಾರ್ದು ಅಂತ ನಾವು ಹುಟ್ಟಿದಾಗಿಂದ ಹೇಳ್ಕಂಡ್ ಬಂದಿದೀವಿ. ಇವ್ರಿಗೆ ಈಗ ಗೊತ್ತಾಯ್ತಾ ಅಳಿಯಂದ್ರೆ?' ಅಂದರು ಮಾವ.

ನಾವಿರೋದು ಇಂಗ್ಲೆಂಡಿನ ಬರ್ಕ್‌ಶೈರ್‌ನ ರೆಡಿಂಗ್‌ನಲ್ಲಿ. ಹೆಸರು ನೋಡಿ ರೀಡಿಂಗ್ ಅಂತ ಓದಬೇಡಿ, ಇಲ್ಲಿಯವರು ನಗ್ತಾರೆ. ಮಾವ ಮಂಡ್ಯ ಕಡೆಯವರು, ಬಂದು ಮೂರು ವಾರ ಆಗಿತ್ತು. ಲಂಡನ್ ನೋಡಿಸಿದೆವು, ಅರಮನೆ ನೋಡಿಸಿದೆವು. ಎಲ್ಲಕ್ಕೂ 'ಚೆನ್ನಾಗೈತೆ' ಅಂತ ಒಂದೇ ಮಾತು. ಮನೆ ಹತ್ತಿರ ಕೆನೆಟ್ ನದಿ ದಡದಲ್ಲಿ ವಾಕಿಂಗ್ ಹೋದಾಗ ಮಾತ್ರ ಒಂದು ಲಾಕ್ ಮುಂದೆ ನಿಂತವರು ಒಂದೂವರೆ ಗಂಟೆ ಅಲ್ಲಾಡಲಿಲ್ಲ. ಅವರ ತಂದೆ ಊರಿನ ಕೆರೆಗೆ ನೀರುಗಂಟಿ ಆಗಿದ್ದವರು. ಮೇ ತಿಂಗಳ ಕೊನೆಯ ಸೋಮವಾರ ಇಲ್ಲಿ ರಜ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗ್ಗೆವರೆಗೆ ಒಂದು ದೋಣಿ ಬಾಡಿಗೆಗೆ ತೆಗೆದುಕೊಂಡೆ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗ, ಮಾವ. ಮಾವ ಪಂಚೆ, ಸ್ವೆಟರ್, ಮಂಕಿ ಕ್ಯಾಪ್, ಅದರ ಮೇಲೆ ಕೆಂಪು ಲೈಫ್ ಜಾಕೆಟ್.

ಈ ದೋಣಿಗಳಿಗೆ ನ್ಯಾರೋಬೋಟ್ ಅಂತಾರೆ. ನಮ್ಮದು 57 ಅಡಿ ಉದ್ದ, ಅಗಲ ಮಾತ್ರ ಏಳಡಿಗೂ ಕಮ್ಮಿ. ರೈಲು ಡಬ್ಬಿಯನ್ನು ಹಿಂಡಿ ನೀರಿಗೆ ಬಿಟ್ಟ ಹಾಗೆ. ವೇಗ ಅಂದರೆ ನಡಿಗೆಯ ವೇಗ. ದಡದಲ್ಲಿ ನಾಯಿ ಕರೆದುಕೊಂಡು ಹೋಗುವವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಹಿಂದೆ ನಿಂತು ಒಂದು ಕೋಲು ಹಿಡಿದು ನಡೆಸಬೇಕು. ಎಡಕ್ಕೆ ಹೋಗಬೇಕು ಅಂದರೆ ಕೋಲನ್ನು ಬಲಕ್ಕೆ ತಳ್ಳಬೇಕು. ಮೊದಲ ಅರ್ಧ ಗಂಟೆಯಲ್ಲಿ ಎರಡು ಸಲ ಪೊದೆಗೆ ನುಗ್ಗಿಸಿದೆ. ಆಮೇಲೆ ಕೋಲು ಹೆಂಡತಿ ಕೈಗೆ ಹೋಯಿತು. ಅವಳೇ ಸರಿ ಅಂತ ಎಲ್ಲರೂ ತೀರ್ಮಾನ ಮಾಡಿದರು. ಲಾಕ್ ಕೆಲಸ ನನ್ನ ಪಾಲಿಗೆ ಬಂತು.

ನದಿಯ ಮೇಲ್ಭಾಗದ ನ್ಯೂಬರಿ ಕಡೆಗೆ ಹೊರಟಿದ್ದು, ಅದೇ ಕೆನೆಟ್ ದಾರಿಯ ಆಲ್ಡರ್‌ಮಾಸ್ಟನ್‌ನಿಂದ. ಅಲ್ಲಿ ರಸ್ತೆಯನ್ನೇ ಮೇಲಕ್ಕೆತ್ತುವ ಒಂದು ಸೇತುವೆ ಇದೆ. ಕೀ ಹಾಕಿ ಗುಂಡಿ ಒತ್ತಿದರೆ ಹೆದ್ದಾರಿಯ ಕಾರು, ಲಾರಿ ಎಲ್ಲ ನಿಲ್ಲುತ್ತವೆ. ಆಫೀಸಿನಲ್ಲಿ ನನ್ನ ಮಾತಿಗೆ ಒಬ್ಬರೂ ನಿಲ್ಲಲ್ಲ, ಇಲ್ಲಿ ಎ340 ರಸ್ತೆಯೇ ನಿಂತುಬಿಟ್ಟಿತು. ಅದು ದಾಟಿ ಸ್ವಲ್ಪ ಹೋದರೆ ಮೊದಲ ಲಾಕ್.

ಲಾಕ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ನದಿಯ ಮಟ್ಟ ಒಂದು ಕಡೆ ಮೇಲಿದೆ, ಒಂದು ಕಡೆ ಕೆಳಗಿದೆ. ನಡುವೆ ಒಂದು ತೊಟ್ಟಿ, ಎರಡೂ ತುದಿಗೆ ಬಾಗಿಲು. ಮೇಲೆ ಹೋಗಬೇಕಾದರೆ ಖಾಲಿ ತೊಟ್ಟಿಗೆ ದೋಣಿ ನುಗ್ಗಿಸಿ, ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲ ಹತ್ತಿರದ ತೂಬು ಎತ್ತಬೇಕು. ತೂಬಿಗೆ ಇಲ್ಲಿ ಪ್ಯಾಡಲ್ ಅಂತಾರೆ, ನಮ್ಮ ದೋಣಿಯಲ್ಲಿ ಮಾತ್ರ ಮೊದಲ ದಿನದಿಂದ ತೂಬೇ. ನೀರು ತುಂಬುತ್ತೆ, ದೋಣಿ ಏರುತ್ತೆ, ಎರಡೂ ಕಡೆ ಮಟ್ಟ ಸಮ ಆದಾಗ ಬಾಗಿಲು ತೆರೆಯುತ್ತೆ. ಮೋಟಾರಿಲ್ಲ, ಪಂಪಿಲ್ಲ. ತೂಬು ಎತ್ತೋಕೆ ಎಲ್ ಆಕಾರದ ಒಂದು ಕಬ್ಬಿಣದ ಹ್ಯಾಂಡಲ್. ಅದಕ್ಕೆ ವಿಂಡ್‌ಲಾಸ್ ಅಂತ ಹೆಸರು. ಬಾಗಿಲು ತೆರೆಯೋಕೆ ಅದರ ತಲೆಯ ಮೇಲಿಂದ ದಡದ ಕಡೆ ಚಾಚಿಕೊಂಡಿರುವ ಒಂದು ದಪ್ಪ ಮರದ ತೊಲೆ. ಅದಕ್ಕೆ ಬೆನ್ನು ಕೊಟ್ಟು ಕಾಲಲ್ಲಿ ನೆಲ ಒದ್ದು ತಳ್ಳಬೇಕು. ನೀರು ಒಂದೆರಡು ಇಂಚು ಹೆಚ್ಚುಕಮ್ಮಿ ಇದ್ದರೂ ಬಾಗಿಲು ಅಲ್ಲಾಡಲ್ಲ, ಭೀಮ ಬಂದರೂ ಆಗಲ್ಲ. ಎರಡು ಬಾಗಿಲು ಕೂಡುವ ಕಡೆ ನೀರು ಬರುವ ದಿಕ್ಕಿಗೆ ಮೂಗು ಚಾಚಿದ ಹಾಗೆ ಇರುತ್ತೆ. ನೀರು ಒತ್ತಿದಷ್ಟೂ ಬಾಗಿಲು ಬಿಗಿ. ಮಾವ ಇದನ್ನು ಎರಡು ಅಂಗೈ ಜೋಡಿಸಿ ಮೊಮ್ಮಗನಿಗೆ ತೋರಿಸಿಕೊಟ್ಟರು. ನಾನು ಅಂತರ್ಜಾಲದಲ್ಲಿ ನೋಡಿ ತಿಳಿದಿದ್ದನ್ನು ಅವರು ನೋಡಿದ ತಕ್ಷಣ ಹೇಳಿದರು.

ಆಲ್ಡರ್‌ಮಾಸ್ಟನ್ ಲಾಕ್‌ನ ಇಟ್ಟಿಗೆ ಗೋಡೆ ನೇರ ಇಲ್ಲ, ಸೀರೆಯ ನೆರಿಗೆಯ ಹಾಗೆ ಬಾಗಿ ಬಾಗಿ ಹೋಗುತ್ತೆ. ಚೆಂದ. ಆದರೆ ಆ ದಿನ ಚೆಂದ ನೋಡೋಕೆ ನನಗೆ ಪುರುಸೊತ್ತಿರಲಿಲ್ಲ. ತೂಬನ್ನು ಒಂದೇ ಸಲಕ್ಕೆ ಪೂರ್ತಿ ಎತ್ತಿಬಿಟ್ಟೆ. ನೀರು ಕುದಿಯುವ ಅನ್ನದ ಹಾಗೆ ಎದ್ದು ದೋಣಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿತು. ಒಳಗೆ ಒಗ್ಗರಣೆ ಡಬ್ಬಿ ಬಿದ್ದ ಸದ್ದು. ಆಮೇಲೆ ಕಲಿತೆ, ತೂಬನ್ನು ಮೊದಲು ಕಾಲು ಭಾಗ ಎತ್ತಬೇಕು, ದೋಣಿ ಸಮಾಧಾನ ಆಗೋವರೆಗೆ ನಿಲ್ಲಬೇಕು, ಆಮೇಲೆ ಅರ್ಧ.

ಮರುದಿನ ವೂಲ್‌ಹ್ಯಾಂಪ್ಟನ್. ಈ ಜಾಗದ ಬಗ್ಗೆ ದೋಣಿಯವರೆಲ್ಲ ಹೆದರಿಸಿದ್ದರು. ಪಕ್ಕಕ್ಕೆ ತಿರುಗುವ ಸೇತುವೆ, ಅದರ ಪಕ್ಕದಲ್ಲೇ ನದಿ ಅಡ್ಡಲಾಗಿ ಬಂದು ನುಗ್ಗುತ್ತೆ, ಅದರಾಚೆಗೆ ಲಾಕ್. ನಡುವೆ ನಿಂತು ಕಾಯೋಕೆ ಜಾಗವಿಲ್ಲ, ನದಿ ತಳ್ಳಿಬಿಡುತ್ತೆ. ಅದಕ್ಕೆ ಮೊದಲು ನಡೆದುಕೊಂಡು ಹೋಗಿ ಲಾಕ್ ಖಾಲಿ ಮಾಡಿ ಬಾಗಿಲು ತೆರೆದಿಟ್ಟು ಬಂದು, ಆಮೇಲೆ ಸೇತುವೆ ತಿರುಗಿಸಬೇಕು. ಹಾಗೇ ಮಾಡಿದೆವು. ಹೆಂಡತಿ ಎಂಜಿನ್ ಜೋರು ಮಾಡಿ, ನದಿ ತಳ್ಳುವ ಕಡೆಗೆ ಎದುರಾಗಿ ಮೂತಿ ಹಿಡಿದು, ದಾರ ಸೂಜಿಗೆ ಪೋಣಿಸಿದ ಹಾಗೆ ಒಳಗೆ ತಂದಳು. ಸೇತುವೆ ಹತ್ತಿರ ಕಾಯುತ್ತಿದ್ದ ಕಾರಿನವನೊಬ್ಬ ಚಪ್ಪಾಳೆ ತಟ್ಟಿದ. ನಾನು ಕೋಲು ಹಿಡಿದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಹೀಲ್ಸ್ ಲಾಕ್‌ನಲ್ಲಿ ನನ್ನ ಕೈಯಿಂದ ವಿಂಡ್‌ಲಾಸ್ ಜಾರಿ ನೀರಿಗೆ ಬಿತ್ತು. ಪುಣ್ಯಕ್ಕೆ ದೋಣಿಯಲ್ಲಿ ಇನ್ನೊಂದಿತ್ತು. 'ಇದನ್ನು ಜನಿವಾರದ ಥರ ಮೈಮೇಲೇ ಇಟ್ಕೊಳ್ಳಿ' ಅಂದಳು ಹೆಂಡತಿ. ಮಿಜಮ್, ಕಾಲ್ತ್ರಪ್ ಲಾಕ್‌ಗಳು ಸುಮ್ನೆ ದಾಟಿಹೋದವು. ಅಷ್ಟು ಹೊತ್ತಿಗೆ ಕೈಗೆ ಅಭ್ಯಾಸ ಆಗಿತ್ತು. ಮಿಜಮ್‌ನಲ್ಲಿ ಮಾವ ಒಂದು ಲೆಕ್ಕ ಕೇಳಿದರು: ಒಂದು ದೋಣಿ ದಾಟೋಕೆ ಎಷ್ಟು ನೀರು ಹೋಗುತ್ತೆ? ಸುಮಾರು 70 ಅಡಿ ಉದ್ದ, 14 ಅಡಿ ಅಗಲ, 8 ಅಡಿ ಏರು ಅಂತ ಹಿಡಿದರೆ 2 ಲಕ್ಷ ಲೀಟರ್ ದಾಟುತ್ತೆ. ಮಾವ ಬೆರಳು ಮಡಿಸಿ, 'ಒಂದ್ ಎಕರೆ ಗದ್ದೇಲಿ ಎರಡಿಂಚು ನಿಲ್ಲಿಸ್ಬೋದು' ಅಂದರು. ಆಮೇಲೆ ಪ್ರತಿ ಲಾಕ್‌ನಲ್ಲೂ ಯಾರಾದರೂ ಹಿಂದೆ ಬರುತ್ತಿದ್ದಾರಾ ಅಂತ ನೋಡುತ್ತಿದ್ದರು. ಲಾಕ್‌ನಲ್ಲಿ ಎರಡು ದೋಣಿ ಅಕ್ಕಪಕ್ಕ ಹಿಡಿಸುತ್ತವೆ. ಒಂದೇ ದೋಣಿಗೆ ಅಷ್ಟು ನೀರು ಬಿಡೋದು ಅವರಿಗೆ ಸಂಕಟ.

ಹಾಗೆ ಸಿಕ್ಕಿದವರೇ ಆ ವಯಸ್ಸಾದ ಗಂಡ ಹೆಂಡತಿ. ದೋಣಿಯೇ ಅವರ ಮನೆಯಂತೆ. ಮುಂದಿನ ಲಾಕ್ ಒಟ್ಟಿಗೆ ದಾಟೋಣ ಅಂದರು. ಮುಂದಿನದೇ ಮಂಕಿ ಮಾರ್ಷ್. ಥ್ಯಾಚಮ್ ಅನ್ನೋ ಊರಿನ ರೈಲು ನಿಲ್ದಾಣದ ಹತ್ತಿರ ಇದೆ. ಮಂಕಿ ಕ್ಯಾಪ್ ಹಾಕಿಕೊಂಡು ಮಂಕಿ ಮಾರ್ಷ್‌ಗೆ ಹೊರಟ ತಾತನನ್ನು ನೋಡಿ ಮಗನಿಗೆ ನಗು ತಡೆಯೋಕೆ ಆಗಲಿಲ್ಲ.

ಕೆಳಗಿನ ಬಾಗಿಲು ತೆರೆದಾಗ ನಾನು ನಿಜಕ್ಕೂ ಏನೋ ತಪ್ಪಾಗಿದೆ ಅಂದುಕೊಂಡೆ. ಲಾಕ್‌ಗೆ ಗೋಡೆಯೇ ಇಲ್ಲ! ಕೆಳಗೆ ನೀರಿನ ಮಟ್ಟದಿಂದ ಎರಡಡಿಯಷ್ಟು ಮಾತ್ರ ಮರದ ಆಸರೆ ನೇರವಾಗಿ ನಿಂತಿದೆ. ಅದರ ಮೇಲೆ ಇಳಿಜಾರು ಮಣ್ಣು, ಮಣ್ಣಿನ ಮೇಲೆ ಹುಲ್ಲು. ನಮ್ಮೂರ ಕಡೆ ಕೆರೆ ಏರಿಯ ಒಳಮೈ ಇದ್ದ ಹಾಗೆ. ದೋಣಿ ಆ ಇಳಿಜಾರಿನ ಮೇಲೆ ಹೋಗಿ ಕೂರದಿರಲಿ ಅಂತ ಎರಡೂ ಬದಿಯಲ್ಲಿ ಕಂಬಿ ನಿಲ್ಲಿಸಿದ್ದಾರೆ. ಹುಲ್ಲಿನ ನಡುವೆ ತುರಿಕೆ ಸೊಪ್ಪು. ಒಂದು ಬಾತುಕೋಳಿ ಆ ಇಳಿಜಾರಿನಲ್ಲೇ ಆರಾಮಾಗಿ ಕೂತಿತ್ತು.

'ಇಲ್ಲಿ ಹಗ್ಗ ಕಟ್ಟಬೇಡಿ, ಸುಮ್ನೆ ಕಂಬಿಗೆ ಒಂದು ಸುತ್ತು ಹಾಕಿ ಕೈಯಲ್ಲೇ ಹಿಡ್ಕೊಳ್ಳಿ' ಅಂತ ಆ ಹೆಂಗಸು ಹೇಳಿದರು. ಈ ಮಾತು ನೆನಪಿಡಿ.

ತೂಬು ಕಾಲು ಎತ್ತಿದೆ. ಮೊದಲ ಎರಡಡಿ ಬೇಗ ಏರಿತು. ಮರದ ಅಂಚು ಮುಳುಗಿತು. ಅಲ್ಲಿಂದ ನೀರು ಏರುವ ಬದಲು ಹರಡೋಕೆ ಶುರು ಮಾಡಿತು. ಹುಲ್ಲಿನ ಒಂದೊಂದು ಎಸಳಿನ ಬುಡಕ್ಕೆ ಬಂದು, ಅದನ್ನು ಒಂದು ಕ್ಷಣ ಅಲ್ಲಾಡಿಸಿ, ನುಂಗಿ, ಮುಂದಿನದಕ್ಕೆ ಹೋಗುತ್ತಿತ್ತು. ಒಣಗಿದ್ದ ಮಣ್ಣಿನಿಂದ ಗುಳು ಗುಳು ಅಂತ ಗುಳ್ಳೆ. ಬಾತುಕೋಳಿ ಎದ್ದು ಎರಡು ಹೆಜ್ಜೆ ಮೇಲೆ ಹೋಗಿ ಕೂತಿತು. ಮತ್ತೆ ಎದ್ದು ಮತ್ತೆರಡು ಹೆಜ್ಜೆ. ನಾನು ಪೂರ್ತಿ ತೂಬು ಎತ್ತಿದೆ. ಆದರೂ ಅಷ್ಟೇ. ತೊಟ್ಟಿ ಮೇಲೆ ಮೇಲೆ ಅಗಲ ಆಗುತ್ತಾ ಹೋಗುತ್ತೆ, ಹಾಗಾಗಿ ಪ್ರತಿ ಇಂಚಿಗೂ ಹಿಂದಿನ ಇಂಚಿಗಿಂತ ಜಾಸ್ತಿ ನೀರು ಬೇಕು. ಮಾವನ ಮುಖ ನೋಡಬೇಕಿತ್ತು. 'ಇದ್ಯಾವ ಬುದ್ಧಿವಂತ ಕಟ್ಟಿದ್ದು?' ಅಂದರು.

ಕಟ್ಟಿದವನು ಜಾನ್ ಹೋರ್, ನ್ಯೂಬರಿ ಊರಿನವನು. 1718ರಲ್ಲಿ ಈ ಇಡೀ ನೀರುದಾರಿಯ ಕೆಲಸ ಶುರುವಾಗಿ 1723ರಲ್ಲಿ ಮುಗಿಯಿತು. ರೆಡಿಂಗ್‌ನಿಂದ ನ್ಯೂಬರಿಗೆ 18.5 ಮೈಲಿ. ನದಿ ತುಂಬಾ ಅಂಕುಡೊಂಕು, ಅದಕ್ಕೆ 11.5 ಮೈಲಿ ಹೊಸ ಕಾಲುವೆಯನ್ನೇ ತೋಡಿದ. ದಾರಿಯುದ್ದಕ್ಕೂ ಲಾಕ್‌ಗಳು ಬೇಕು. ಇಟ್ಟಿಗೆಗೆ ದುಡ್ಡು ಸುರಿಯುವ ಬದಲು ಅಗೆದ ಮಣ್ಣನ್ನೇ ಬಿಟ್ಟು ಹುಲ್ಲು ಬೆಳೆಸಿದರೆ ಅಗ್ಗ. ನೀರು ಪೋಲಾದರೆ ಆಗಲಿ, ಹೇಗೂ ನದಿ ತುಂಬಿ ಹರಿಯುತ್ತೆ ಅಂತ. ಮಂಡ್ಯದ ರೈತನಿಗೆ ಈ ಲೆಕ್ಕ ಒಪ್ಪಿಸೋದು ಕಷ್ಟ. ಆಗಿನ ಸರಕಿನ ದೋಣಿಗಳೋ, 109 ಅಡಿ ಉದ್ದ, 17 ಅಡಿ ಅಗಲ! ನಮ್ಮದು ಅವುಗಳ ಮುಂದೆ ತೆಪ್ಪ.

ಆ ಮುದುಕರು ಇದೇ ಹೊತ್ತಿನಲ್ಲಿ ನನ್ನ ಕಾಲೆಳೆದರು. 'ನೀವು ರೆಡಿಂಗ್‌ನವರಾ? ಹಾಗಾದರೆ ಈ ಲಾಕ್ ಮುರಿಯೋಕೆ ಬಂದಿದ್ದೀರಾ?' ಅಂದರು. ವಿಷಯ ಏನಂದರೆ, ಈ ಕಾಲುವೆ ಆದರೆ ಸರಕೆಲ್ಲ ನೇರವಾಗಿ ನ್ಯೂಬರಿಗೆ ಹೋಗುತ್ತೆ, ನಮ್ಮ ವ್ಯಾಪಾರ ಹಾಳಾಗುತ್ತೆ ಅಂತ ರೆಡಿಂಗ್‌ನ ಜನಕ್ಕೆ ಸಿಟ್ಟು. 1720ರಲ್ಲಿ ಸುಮಾರು 300 ಜನ ಗುಂಪು ಕಟ್ಟಿಕೊಂಡು ಬಂದು ಕಟ್ಟಿದ್ದನ್ನು ಕೆಡವಿಹಾಕಿದರು. ಊರಿನ ಮೇಯರ್ ಕೂಡ ಆ ಗುಂಪಿನಲ್ಲಿದ್ದನಂತೆ. ಹದಿನಾಲ್ಕು ವರ್ಷದಿಂದ ಈ ಊರಿಗೆ ತೆರಿಗೆ ಕಟ್ಟುತ್ತಿದ್ದೇನೆ, ಇದು ಗೊತ್ತೇ ಇರಲಿಲ್ಲ. ಮಾವನಿಗೆ ಹೇಳಿದಾಗ ಮಾತ್ರ ಆಶ್ಚರ್ಯ ಆಗಲಿಲ್ಲ. ನೀರಿನ ವಿಷಯಕ್ಕೆ ಜನ ಗುದ್ದಲಿ ಹಿಡಿದು ಬರೋದು ಅವರು ಕಣ್ಣಾರೆ ಕಂಡಿದ್ದೇ.

ಹೀಗೆ ಮಾತಾಡುತ್ತಾ ನೀರು ತುಂಬಿತು. ಬೇರೆ ಲಾಕ್‌ನಲ್ಲಿ ಹತ್ತು ನಿಮಿಷದ ಕೆಲಸ, ಇಲ್ಲಿ ಒಂದು ಸುತ್ತು ಚಹಾ ಮುಗಿದಿತ್ತು. ತುಂಬಿದ ಮೇಲೆ ಅದು ಲಾಕ್ ಅಂತ ಹೇಳೋಕೆ ಸಾಧ್ಯವೇ ಇಲ್ಲ. ಒಂದು ಪುಟ್ಟ ಕೆರೆ. ನಡುವೆ ಎರಡು ದೋಣಿ, ಅಂಚಿಗೆ ಹುಲ್ಲು.

ಇಂಥವು ಈಗ ಈ ದಾರಿಯಲ್ಲಿ ಎರಡೇ ಉಳಿದಿವೆ. ಇನ್ನೊಂದು ಗಾರ್ಸ್ಟನ್ ಲಾಕ್, ಎಂ4 ಹೆದ್ದಾರಿಯ ಹತ್ತಿರವೇ. ನಾನು ಕೆಲಸಕ್ಕೆ ಹೋಗೋದು ಆ ಹೆದ್ದಾರಿಯಲ್ಲಿ, ಒಂದು ದಿನವೂ ಕೆಳಗೆ ನೋಡಿದವನಲ್ಲ. ಉಳಿದ ಲಾಕ್‌ಗಳಿಗೆಲ್ಲ ಬೇರೆ ಬೇರೆ ಕಾಲದಲ್ಲಿ ಇಟ್ಟಿಗೆಯೋ ಕಾಂಕ್ರೀಟೋ ಬಂತು. 1810ರಲ್ಲಿ ಈ ದಾರಿ ಬಾತ್ ಊರಿನವರೆಗೆ ಕಾಲುವೆಯಾಗಿ ಮುಂದುವರಿಯಿತು, 1852ರಲ್ಲಿ ರೈಲು ಕಂಪನಿ ಅದನ್ನು ಕೊಂಡುಕೊಂಡಿತು. ರೈಲಿನವರಿಗೆ ಕಾಲುವೆ ಯಾಕೆ ಬೇಕು? ಕ್ರಮೇಣ ಹೂಳು, ಜೊಂಡು. ಆಮೇಲೆ ಊರೂರಿನ ಜನ ಚಂದಾ ಎತ್ತಿ, ಕೆಸರಿಗಿಳಿದು, ವರ್ಷಗಟ್ಟಲೆ ದುಡಿದು ಮತ್ತೆ ದೋಣಿ ಓಡುವ ಹಾಗೆ ಮಾಡಿದರು. 1990ರಲ್ಲಿ ರಾಣಿ ಬಂದು ಉದ್ಘಾಟಿಸಿದರು. ಆ ಹೊತ್ತಿಗೆ ಮಂಕಿ ಮಾರ್ಷ್‌ಗೂ ಗೋಡೆ ಕಟ್ಟಿದ್ದರೆ ನೀರೂ ಉಳಿಯುತ್ತಿತ್ತು, ಸಮಯವೂ ಉಳಿಯುತ್ತಿತ್ತು. ಕಟ್ಟಲಿಲ್ಲ, ಹಳೆಯ ಸ್ಮಾರಕ ಅಂತ ಹುಲ್ಲು ಸಮೇತ ಉಳಿಸಿಕೊಂಡರು. ನನಗೆ ಅದು ಸರಿ ಅನ್ನಿಸಿತು. ಮಾವನಿಗೆ ಅನ್ನಿಸಲಿಲ್ಲ. 'ಒಂದು ಫೋಟೋ ತೆಗೆದಿಟ್ಕಂಡು ಗೋಡೆ ಕಟ್ಬೋದಿತ್ತು' ಅನ್ನೋದು ಅವರ ಅಭಿಪ್ರಾಯ.

ರಾತ್ರಿ ನ್ಯೂಬರಿಯಲ್ಲಿ ತಂಗಿದೆವು. ಭಾನುವಾರ ಅಲ್ಲೇ ದೋಣಿ ತಿರುಗಿಸಿ ವಾಪಸ್ ಹೊರಟೆವು. ಮಧ್ಯಾಹ್ನ ಮತ್ತೆ ಮಂಕಿ ಮಾರ್ಷ್. ಈ ಸಲ ಇಳಿಯೋದು. ಜೊತೆಗೆ ಬೇರೆ ದೋಣಿಯೂ ಇಲ್ಲ.

ನಾನು ಕೆಳಗಿನ ಬಾಗಿಲ ತೂಬಿನ ಹತ್ತಿರ. ಹೆಂಡತಿ ಹಿಂದೆ ಕೋಲು ಹಿಡಿದು, ಕಣ್ಣೆಲ್ಲ ಹೊಸ್ತಿಲ ಗುರುತಿನ ಮೇಲೆ. ಮಾವ ಮುಂದೆ ಕುರ್ಚಿ ಹಾಕಿಕೊಂಡು ಕಡಲೆಪುರಿ ತಿನ್ನುತ್ತಾ. ನಡುವಿನ ಹಗ್ಗ ಮಗನ ಕೈಯಲ್ಲಿ. ಕಂಬಿಗೆ ಒಂದು ಸುತ್ತು ಹಾಕಿ ಹಿಡಿದುಕೋ ಅಂತ ಹೇಳಿದ್ದೆ. ಅವನು ಸ್ಕೌಟ್‌ಗೆ ಹೋಗ್ತಾನೆ. ಹಿಡಿದುಕೊಳ್ಳೋ ಬದಲು ಅಲ್ಲಿ ಕಲಿತ ಒಂದು ಗಂಟು ಹಾಕಿ, ಬಾತುಕೋಳಿ ಮರಿ ನೋಡೋಕೆ ಹೋದ. ಗಂಟು ಚೆನ್ನಾಗಿತ್ತು. ಅದೇ ತೊಂದರೆ.

ತೂಬು ಅರ್ಧ ಎತ್ತಿದೆ. ನೀರು ಇಳಿಯಿತು. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ಮೊದಲು ಹಗ್ಗ ಕಿರ್ ಅಂದಿತು. ಆಮೇಲೆ ದೋಣಿಯ ಒಂದು ಪಕ್ಕ ಇಳಿಯುತ್ತಿಲ್ಲ ಅಂತ ಗೊತ್ತಾಯಿತು. ಕಂಬಿಗೆ ಕಟ್ಟಿದ ಕಡೆ ನೇತಾಡುತ್ತಿದೆ, ಇನ್ನೊಂದು ಕಡೆ ನೀರಿನ ಜೊತೆ ಇಳಿಯುತ್ತಿದೆ. ಒಳಗೆ ಪಾತ್ರೆಗಳು ಒಂದರ ಹಿಂದೆ ಒಂದು ಜಾರಿದ ಸದ್ದು. ಮಾವನ ಕಡಲೆಪುರಿ ಬಟ್ಟಲು ಉರುಳಿ ನೀರಿಗೆ ಬಿತ್ತು. ನಾನು ಹ್ಯಾಂಡಲ್ ಹಿಡಿದು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಬಹುಶಃ ಮೂರೇ ಸೆಕೆಂಡ್.

'ತೂಬು ಮುಚ್ಚೋ!'

ಮಾವ. ಎದ್ದು ನಿಂತು, ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದು, ಗದ್ದೆಯ ಆ ತುದಿಗೆ ಕೇಳಿಸುವ ದನಿಯಲ್ಲಿ. 'ಏಯ್, ನೋಡ್ತಾ ನಿಂತ್ಕಬೇಡ! ಮುಚ್ಚಿ ಮೇಲಿನ್ ತೂಬು ಎತ್ತೋ!'

ಮದುವೆಯಾಗಿ ಹದಿಮೂರು ವರ್ಷ. ಅವರ ಬಾಯಲ್ಲಿ ನನಗೆ ಏಕವಚನ ಬಂದಿದ್ದು ಅದೇ ಮೊದಲು. ತೂಬು ಗರಗರ ಅಂತ ಇಳಿಸಿದೆ. ದಡದ ಮೇಲೆ ಓಡಿದೆ. ಉದ್ದ ಎಷ್ಟಿದೆ ಆ ಲಾಕ್, ಓಡಿದಾಗ ಗೊತ್ತಾಗುತ್ತೆ. ಹೆಂಡತಿ ಹಗ್ಗದ ಹತ್ತಿರ ಹೋಗಿದ್ದಳು, ಆದರೆ ದೋಣಿಯ ಭಾರವೆಲ್ಲ ಆ ಗಂಟಿನ ಮೇಲೆ, ಬಿಚ್ಚೋಕೆ ಸಾಧ್ಯವೇ ಇಲ್ಲ. ಮೇಲಿನ ತೂಬು ಎತ್ತಿದೆ. ನೀರು ಬಂತು. ಹಿಂದಿನ ದಿನ ಅಷ್ಟು ಸೋಮಾರಿ ಅಂತ ಬೈಸಿಕೊಂಡಿದ್ದ ನೀರು, ಇನ್ನೂ ಬೈಸಿಕೊಳ್ಳುವಷ್ಟೇ ನಿಧಾನ. ಒಂದು ಎಸಳು ಹುಲ್ಲು, ಇನ್ನೊಂದು ಎಸಳು. ದೋಣಿ ಸ್ವಲ್ಪ ಸ್ವಲ್ಪವೇ ನೆಟ್ಟಗಾಯಿತು. ಹಗ್ಗ ಸಡಿಲ ಆಯಿತು. ಹೆಂಡತಿ ಗಂಟು ಬಿಚ್ಚಿ ಹಗ್ಗವನ್ನು ತನ್ನ ಕೈಗೇ ಸುತ್ತಿಕೊಂಡಳು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಇಳಿಯುವಾಗಲೂ ಇಲ್ಲಿ ನೀರು ಇಳಿಯೋದು ನಿಧಾನ, ಮೇಲಿನ ಭಾಗ ಅಗಲ ಇರೋದರಿಂದ. ನೇರ ಗೋಡೆಯ ಲಾಕ್ ಆಗಿದ್ದರೆ ಅದೇ ಮೂರು ಸೆಕೆಂಡಿನಲ್ಲಿ ಇನ್ನೂ ಜಾಸ್ತಿ ವಾಲುತ್ತಿತ್ತು. ಇದನ್ನು ಆಮೇಲೆ ಮಾವನಿಗೆ ಹೇಳಿದೆ, ಗೋಡೆ ಕಟ್ಟದೆ ಬಿಟ್ಟಿದ್ದೇ ಒಳ್ಳೆಯದಾಯ್ತು ನೋಡಿ ಅಂತ. ಅವರು ಉತ್ತರ ಕೊಡಲಿಲ್ಲ.

ಆಮೇಲೆ ಮತ್ತೆ ಮೊದಲಿನಿಂದ. ಮೇಲಿನ ತೂಬು ಮುಚ್ಚಿ, ಕೆಳಗಿನದು ಕಾಲು ಎತ್ತಿ. ಯಾರೂ ಮಾತಾಡಲಿಲ್ಲ. ಮಗ ಲೈಫ್ ಜಾಕೆಟ್ಟಿನೊಳಗೆ ಗಲ್ಲ ಹುದುಗಿಸಿಕೊಂಡು ತಾತನ ಪಕ್ಕ ಕೂತಿದ್ದ. ಕಡಲೆಪುರಿ ನೀರಿನ ಮೇಲೆ ತೇಲುತ್ತಾ ಬಾಗಿಲ ಹತ್ತಿರ ಗುಂಪಾಗಿತ್ತು, ಬಾತುಕೋಳಿಗಳಿಗೆ ಹಬ್ಬ. ಬಾಗಿಲು ತೆರೆದು, ದೋಣಿ ಹೊರಗೆ ಬಂದು, ನಾನು ಹತ್ತಿಕೊಂಡೆ. ಸುಮಾರು ಇನ್ನೂರು ಗಜ ಬಂದಿದ್ದೆವು. ಹೆಂಡತಿ ಕಾಫಿ ಇಟ್ಟಿದ್ದಳು. ಈಗ ಕೋಲು ನನ್ನ ಕೈಯಲ್ಲಿತ್ತು, ನೇರ ದಾರಿ ಅಂತ ಕೊಟ್ಟಿದ್ದಳು.

ಮಾವ ಹಿಂದಕ್ಕೆ ಬಂದು ಲೋಟ ಕೈಗೆ ಕೊಟ್ಟರು. ನನ್ನ ಸೊಂಟದ ಕಡೆ ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು.

'ಅಳಿಯಂದ್ರೆ, ತೂಬು ಎತ್ತೋ ಆ ಕಬ್ಣ ಎಲ್ ಇಟ್ರಿ?'

ಅದು ಲಾಕ್‌ನಲ್ಲೇ, ಬಾಗಿಲ ಮೇಲೇ ಸಿಕ್ಕಿಸಿದಂತೆ ಉಳಿದಿತ್ತು.